ಮೊದಲ ವರ್ಷದವರ ಮೊದಲ ಆರು ವಾರ

ಮಾನ್ಯ ಸಂಪಾದಕರೇ,

ಪದವಿ, ಎಂಜಿನಿಯರಿಂಗ್, ನರ್ಸಿಂಗ್ ಕಾಲೇಜುಗಳು ಶುರುವಾಗುವ ಹೊತ್ತಿಗೆ ಬೆಳಗಾವಿಯ ಚರ್ಚುಗಳಲ್ಲೂ ಕಾಲೇಜುಗಳ ಕ್ರೈಸ್ತ ವಿದ್ಯಾರ್ಥಿ ಗುಂಪುಗಳಲ್ಲೂ ‘ಫ್ರೆಶರ್ಸ್ ವೆಲ್‌ಕಮ್’ ತಯಾರಿ ನಡೆಯುತ್ತದೆ. ಒಂದು ಭಾನುವಾರ ಸಂಜೆ ಗಿಟಾರು, ಬಲೂನು, ಕೈಗೊಂದು ಗುಲಾಬಿ, ಕೇಕು, ಕೊನೆಗೆ ಗುಂಪು ಫೋಟೊ. ಮರುದಿನ ಬಂದವರೆಲ್ಲರ ನಂಬರು ವಾಟ್ಸ್‌ಆ್ಯಪ್ ಗ್ರೂಪಿಗೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮೂರನೇ ವಾರಕ್ಕೆ ಸೀನಿಯರ್‌ಗಳಿಗೆ ತಮ್ಮ ಲ್ಯಾಬು, ತಮ್ಮ ಟೆಸ್ಟು. ಗ್ರೂಪಿನಲ್ಲಿ ದಿನಕ್ಕೊಂದು ಸತ್ಯವೇದ ವಾಕ್ಯದ ಚಿತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೊಸ ಹುಡುಗರು ಕಂಗೆಡುವುದು ಸರಿಯಾಗಿ ಆ ಮೂರನೇ ವಾರದಲ್ಲಿ.

ಕಾಲೇಜು ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುವ ನಾವು ಹೇಳಬೇಕೆಂದಿರುವುದು ಇಷ್ಟು: ಸ್ವಾಗತ ಆರು ವಾರದ ಕೆಲಸ. ಅದನ್ನು ಚರ್ಚಿನ ಹಾಲ್‌ನಲ್ಲಿ ನಮ್ಮ ಮಕ್ಕಳಿಗಷ್ಟೇ ಮಾಡಿ ಕೈತೊಳೆದುಕೊಳ್ಳುವ ಬದಲು, ಕಾಲೇಜಿನದೇ ವ್ಯವಸ್ಥೆಯೊಳಗೆ ಹೋಗಿ, ಪಾಲಿಗೆ ಬಂದ ಯಾವ ಮಕ್ಕಳಿಗಾದರೂ ಮಾಡಬೇಕು.

ಆ ವ್ಯವಸ್ಥೆ ನಿಯಮದಲ್ಲೇ ಇದೆ. ರ‍್ಯಾಗಿಂಗ್ ತಡೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ಹೊರಡಿಸಿದ ನಿಯಮಾವಳಿಯನ್ನು ಎಲ್ಲರೂ ಬಲ್ಲರು. ಅದರೊಳಗೆ ‘ಮೆಂಟರಿಂಗ್ ಸೆಲ್’ ಅನ್ನುವುದೊಂದಿದೆ ಎಂದು ಬಲ್ಲವರು ಕಡಿಮೆ. ಸ್ವಇಚ್ಛೆಯಿಂದ ಮುಂದೆ ಬಂದ ಹಿರಿಯ ವಿದ್ಯಾರ್ಥಿಗಳ ಸೆಲ್ ಒಂದನ್ನು ಪ್ರತಿ ಸಂಸ್ಥೆಯೂ ರಚಿಸಬೇಕು, 6 ಹೊಸಬರಿಗೆ ಒಬ್ಬ ಮೆಂಟರ್ (ಮಾರ್ಗದರ್ಶಿ) ಇರಬೇಕು, ಅಂಥ 6 ಮೆಂಟರ್‌ಗಳಿಗೆ ಮೇಲಿನ ತರಗತಿಯ ಇನ್ನೊಬ್ಬ ಮೆಂಟರ್ ಇರಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಎಷ್ಟೋ ಕಡೆ ಈ ಸೆಲ್ ಇರುವುದು ನೋಟಿಸ್ ಬೋರ್ಡಿನ ಮೇಲೆ ಮಾತ್ರ. ಹೆಸರು ಕೊಡಲು ಹುಡುಗರೇ ಬರುವುದಿಲ್ಲ ಎನ್ನುವುದು ಪ್ರಾಧ್ಯಾಪಕರ ದೂರು. ನಮ್ಮ ವಿದ್ಯಾರ್ಥಿ ನಾಯಕರು ಹೆಸರು ಕೊಡಬೇಕಾದದ್ದು ಅಲ್ಲಿ, ಜೂನ್‌ನಲ್ಲೇ, ಬರವಣಿಗೆಯಲ್ಲಿ. ಹಾಗೆ ಹೆಸರು ಕೊಟ್ಟವನ ಪಾಲಿಗೆ ಬರುವ ಆರು ಮಂದಿಯಲ್ಲಿ ಒಬ್ಬ ಕ್ರೈಸ್ತನೂ ಇಲ್ಲದಿರಬಹುದು. ಅದರಿಂದ ಕೆಲಸ ಕೆಡುವುದಿಲ್ಲ. ಶಿಷ್ಯರ ನಡುವೆ ಹೊಸಬನಾಗಿ ಬಂದಾಗ ಯಾರೂ ನಂಬದ ಸೌಲನನ್ನು ಬಾರ್ನಬ ಕೈಹಿಡಿದು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋದ ಸಂಗತಿ ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿದೆ. ಆ ಭಾಗವನ್ನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದವರೇ ಇವರೆಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆ ಇಲ್ಲದೆ ಆಡುವುದು ಒಳ್ಳೆಯದು. ಮತಾಂತರ ತಡೆ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು 2021ರ ಡಿಸೆಂಬರ್‌ನಲ್ಲಿ, ನಮ್ಮದೇ ಊರಿನ ಸುವರ್ಣ ವಿಧಾನಸೌಧದಲ್ಲಿ. 2022ರಲ್ಲಿ ಅದು ಕಾನೂನಾಯಿತು. ಉಡುಗೊರೆ, ರೊಕ್ಕ, ಉಚಿತ ಶಿಕ್ಷಣ ಇವೆಲ್ಲ ‘ಆಮಿಷ’ದ ವ್ಯಾಖ್ಯೆಯೊಳಗೆ ಬಂದವು. ಕಾನೂನಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ನೋಟ್ಸ್ ಝೆರಾಕ್ಸ್ ಮಾಡಿಸಿಕೊಟ್ಟ ಕೈಯಲ್ಲೇ ಪ್ರಾರ್ಥನಾ ಕೂಟದ ಕರಪತ್ರ ಹಿಡಿಸುವುದು ಕಾನೂನು ಬರುವುದಕ್ಕೆ ಮೊದಲೂ ಸರಿಯಿರಲಿಲ್ಲ. ಸಹಾಯ ಪಡೆದವನಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ, ಮುಜುಗರಕ್ಕೆ ಬಂದು ಕೂರುತ್ತಾನೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ಇಡಬೇಕು. ಮೆಂಟರ್ ಕೆಲಸ ಕಾಲೇಜಿನೊಳಗೆ, ಎಲ್ಲರಿಗೂ. ಆರಾಧನೆ, ಸತ್ಯವೇದ ಅಧ್ಯಯನ ಕಾಲೇಜಿನ ಹೊರಗೆ, ತಾನಾಗಿ ಕೇಳಿದವರಿಗೆ. ಕ್ರೈಸ್ತ ಮನೆಯ ಮಕ್ಕಳಿಗೂ ಕರೆ ಒಮ್ಮೆ ಮಾತ್ರ. ಎರಡನೇ ಸಲ ಕರೆಯುವುದು ಒತ್ತಾಯ.

ಇನ್ನು ಕೆಲಸದ ವಿವರ. ಮೆಂಟರ್ ಆಗಲು ಯಾರು ತಕ್ಕವರು? ಫೈನಲ್ ಇಯರ್‌ನವರು ಬೇಡ, ಅವರ ತಲೆಯಲ್ಲಿ ಪ್ಲೇಸ್‌ಮೆಂಟ್ ಓಡುತ್ತಿರುತ್ತದೆ. ಎರಡನೇ ವರ್ಷದವರಿಗೆ ಎಲ್ಲ ನೆನಪಿರುತ್ತದೆ, ಆದರೆ ಅವರಲ್ಲಿ ಕೆಲವರಿಗೆ ತಮ್ಮದೇ ಬ್ಯಾಕ್ (ಫೇಲಾಗಿ ಬಾಕಿ ಇರುವ) ವಿಷಯಗಳು ಉಳಿದಿರುತ್ತವೆ. ಎರಡನೇ ವರ್ಷದ ಒಬ್ಬರು, ಮೂರನೇ ವರ್ಷದ ಒಬ್ಬರು ಜೋಡಿಯಾಗಿ ಆರು ಮಂದಿಯನ್ನು ನೋಡಿಕೊಂಡರೆ ಒಬ್ಬರ ಪರೀಕ್ಷೆ ಇದ್ದಾಗ ಇನ್ನೊಬ್ಬರು ಇರುತ್ತಾರೆ. ಹುಡುಗಿಯರಿಗೆ ಹುಡುಗಿಯರೇ. ಹಾಡು ಚೆನ್ನಾಗಿ ಹಾಡುತ್ತಾನೆ, ಪ್ರಾರ್ಥನೆ ಚೆನ್ನಾಗಿ ಮಾಡುತ್ತಾನೆ ಎಂದು ಆರಿಸುವ ರೂಢಿ ನಮ್ಮಲ್ಲಿದೆ. ವೇದಿಕೆಯ ಮೇಲೆ ಮಿಂಚುವವನಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಎರಡು ತಾಸು ಸುಮ್ಮನೆ ಕೂರುವ ತಾಳ್ಮೆ ಇರುತ್ತದೆಂದು ಖಾತ್ರಿ ಇಲ್ಲ. ಹೇಳಿದ ಹೊತ್ತಿಗೆ ಬರುವವನು, ಕೇಳಿದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನು, ಹಾಜರಾತಿ ಕೊರತೆ ಇಲ್ಲದವನು, ಈ ಮೂರು ಸಾಕು. ತರಬೇತಿಗೆ ಒಂದು ಶನಿವಾರದ ಮೂರು ತಾಸು ಹಿಡಿಯುತ್ತದೆ: ಒಂದು ತಾಸು ಫಾರ್ಮುಗಳು, ಒಂದು ತಾಸು ಅಪಾಯದ ಲಕ್ಷಣಗಳು, ಇನ್ನೊಂದು ತಾಸು ಏನು ಮಾಡಬಾರದು ಎನ್ನುವುದು.

ಮೊದಲ ಕೆಲಸ ಮಳೆಯಿಂದ ಶುರುವಾಗುತ್ತದೆ ಎಂದರೆ ಹೊರಗಿನವರಿಗೆ ನಗು ಬರಬಹುದು. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಬರುವ ಮಕ್ಕಳಿಗೆ ಜುಲೈ–ಆಗಸ್ಟ್‌ನ ಬೆಳಗಾವಿ ಮಳೆ ಗೊತ್ತಿರುವುದಿಲ್ಲ. ಅಪ್ಪ ಒಂದು ರೆಕ್ಸಿನ್ ಫೈಲಿನಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯು ಅಂಕಪಟ್ಟಿ, ಟಿಸಿ, ಜಾತಿ–ಆದಾಯ ಪ್ರಮಾಣಪತ್ರ, ದೀಕ್ಷಾಸ್ನಾನದ ಚೀಟಿ ಎಲ್ಲ ಒಟ್ಟಿಗೆ ಇಟ್ಟು ಕಂಕುಳಲ್ಲಿ ಹಿಡಿದುಕೊಂಡು ಬಸ್ ಇಳಿಯುತ್ತಾನೆ. ಫೈಲಿನ ಅಂಚಿನಿಂದ ನೀರು ಇಳಿದು ಅಂಕಪಟ್ಟಿಯ ಮೇಲಿನ ಶಾಯಿ ಸಹಿ ಹರಡಿಕೊಂಡಿರುತ್ತದೆ. ಊರು ಬಿಡುವ ಮೊದಲೇ ಫೋನ್ ಮಾಡಿ ಹೇಳಬೇಕಾದ್ದು: ಜಿಪ್ ಇರುವ ಪ್ಲಾಸ್ಟಿಕ್ ಕವರು, ಪ್ರತಿ ದಾಖಲೆಯ 5 ಝೆರಾಕ್ಸ್, ಪಾಸ್‌ಪೋರ್ಟ್ ಅಳತೆಯ 12 ಫೋಟೊ, ಎಲ್ಲದರ ಸ್ಕ್ಯಾನ್ ಹುಡುಗನ ಸ್ವಂತ ಇ–ಮೇಲ್‌ನಲ್ಲಿ. ಕಾಲೇಜಿಗೆ ಮೂಲ ದಾಖಲೆ ಕೊಟ್ಟರೆ ಯಾವ ಯಾವುದು ಕೊಟ್ಟೆವೆಂದು ಬರೆಸಿಕೊಂಡ ರಸೀದಿ ಬೇಕು. ಎರಡು ಜತೆ ಹೆಚ್ಚುವರಿ ಒಳಉಡುಪು, ಒಂದು ರೇನ್‌ಕೋಟು. ಇಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹಸಿ ಬಟ್ಟೆ ಹಾಕಿಕೊಂಡು ತೊಡೆಸಂದಿಯಲ್ಲಿ ಗಜಕರ್ಣ ಆಗಿ, ನಾಚಿಕೆಗೆ ಯಾರಿಗೂ ಹೇಳದೆ ಕ್ಲಾಸು ತಪ್ಪಿಸುವ ಹುಡುಗರು ಪ್ರತಿ ವರ್ಷ ಇರುತ್ತಾರೆ.

ಫಾರ್ಮುಗಳ ವಿಷಯದಲ್ಲಿ ಕೆಡುವುದು ಒಳ್ಳೆಯ ಮನಸ್ಸಿನಿಂದಲೇ. ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯನ್ನು ವಿದ್ಯಾರ್ಥಿ ಮತ್ತು ಪಾಲಕರು ಆನ್‌ಲೈನ್‌ನಲ್ಲಿ ತುಂಬಬೇಕು, ಇ–ಮೇಲ್‌ಗೆ ಬರುವ ನೋಂದಣಿ ಸಂಖ್ಯೆಯನ್ನು ಕಾಲೇಜಿಗೆ ಕೊಡಬೇಕು. ಸೀನಿಯರ್ ಒಬ್ಬ ಲ್ಯಾಪ್‌ಟಾಪ್ ಹಿಡಿದು ಕೂತು, ಬೇಗ ಮುಗಿಯಲಿ ಎಂದು ಹತ್ತು ಮಂದಿಗೂ ತನ್ನದೇ ಮೊಬೈಲ್ ನಂಬರು, ತನ್ನದೇ ಇ–ಮೇಲ್ ಹಾಕಿಬಿಡುತ್ತಾನೆ. ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೂ ಅದೇ. ಆರು ತಿಂಗಳ ನಂತರ ಓಟಿಪಿ ಆತನ ಫೋನಿಗೆ ಹೋಗುತ್ತದೆ, ಆತ ಆಗಲೇ ಪಾಸಾಗಿ ಪುಣೆ ಸೇರಿರುತ್ತಾನೆ. ಬೆರಳು ಹುಡುಗನದೇ ಆಗಿರಬೇಕು, ಫೋನೂ ಅವನದೇ. ಮೆಂಟರ್ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಸಾಕು.

ಎಸ್‌ಎಸ್‌ಪಿ ಅರ್ಜಿ ತಿರಸ್ಕಾರವಾಗಲು, ರೊಕ್ಕ ಬಾರದಿರಲು ಮುಖ್ಯ ಕಾರಣ ಎರಡು. ಒಂದು, ಆಧಾರ್‌ನಲ್ಲೊಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ನಮ್ಮ ಮನೆಗಳಲ್ಲಿ ಇದು ಹೆಚ್ಚು, ಏಕೆಂದರೆ ಶಾಲೆಗೆ ಸೇರಿಸುವಾಗ ಕೊಟ್ಟ ಹೆಸರೇ ಬೇರೆ, ದೀಕ್ಷಾಸ್ನಾನದ ಹೆಸರೇ ಬೇರೆ, ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಅಂಕಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡು ಆಧಾರ್ ತಿದ್ದಿಸುವುದು ಸುಲಭ. ಅಂಕಪಟ್ಟಿ ತಿದ್ದಿಸಲು ಹೊರಟರೆ ವರ್ಷ ಹಿಡಿಯಬಹುದು. ಎರಡು, ಬ್ಯಾಂಕ್ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಬರಲು ಬೇಕಾದ ಆಧಾರ್ ಜೋಡಣೆ, ಆಗಿರುವುದಿಲ್ಲ. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದು ಹುಡುಗರು ಸಾಧಿಸುತ್ತಾರೆ. ಕೆವೈಸಿಗೆ ಆಧಾರ್ ಪ್ರತಿ ಕೊಡುವುದು ಬೇರೆ, ಸರ್ಕಾರದ ನೇರ ಹಣ ಈ ಖಾತೆಗೇ ಬರಲಿ ಎಂದು ಬೇರೊಂದು ಫಾರ್ಮ್ ಕೊಡುವುದು ಬೇರೆ. ಎರಡು ಮೂರು ಖಾತೆ ಇದ್ದರೆ ಕೊನೆಗೆ ಮ್ಯಾಪ್ ಆದ ಖಾತೆಗೆ ಹಣ ಹೋಗುತ್ತದೆ, ಅದು ಎಷ್ಟೋ ಸಲ ಐದನೇ ಇಯತ್ತೆಯಲ್ಲಿ ತೆಗೆದು ಮರೆತ ಖಾತೆಯಾಗಿರುತ್ತದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿ, ಮುಗಿದಿದ್ದರೆ ನಾಡಕಚೇರಿಗೆ ಅರ್ಜಿ ಹಾಕಲು ಊರಿಗೆ ಹೇಳಿಕಳಿಸಬೇಕು.

ಜಾತಿ ಪ್ರಮಾಣಪತ್ರಕ್ಕೆ ಮಾತ್ರ ಸೀನಿಯರ್‌ಗಳು ಕೈಹಾಕಬಾರದು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ–1ರಲ್ಲಿ, ಉಳಿದ ಕ್ರೈಸ್ತರು 3–ಬಿಯಲ್ಲಿ ಬರುತ್ತಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗಷ್ಟೇ. ಒಂದು ಮನೆಯ ಕಾಗದಪತ್ರ ಯಾವ ಹೆಸರಿನಲ್ಲಿದೆ, ಏಕೆ ಹಾಗಿದೆ ಎನ್ನುವುದು ಆ ಮನೆಯ ವಿಷಯ. ಹತ್ತೊಂಬತ್ತು ವರ್ಷದ ಮೆಂಟರ್ ಅದನ್ನು ಕೆದಕುವುದೂ ತಪ್ಪು, ಗುಂಪಿನಲ್ಲಿ ಚರ್ಚಿಸುವುದು ಇನ್ನೂ ದೊಡ್ಡ ತಪ್ಪು.

ಬಸ್ಸಿನ ವಿಷಯ ಎರಡೇ ಮಾತು. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಆದರೆ ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಗೋವಾ, ಕೇರಳ, ಮಹಾರಾಷ್ಟ್ರದಿಂದ ಬಂದ ಹುಡುಗಿಯರು ಟಿಕೆಟ್ ತೆಗೆಸಲೇಬೇಕು ಎಂದು ಮೊದಲೇ ಹೇಳದಿದ್ದರೆ ಕಂಡಕ್ಟರ್ ಎದುರು ಅವಮಾನ. ಹುಡುಗರ ಪಾಸಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ. ಮಚ್ಛೆಗೋ ಭೂತರಾಮನಹಟ್ಟಿಗೋ ದಿನಾ ಓಡಾಡುವವರಿಗೆ ಅದು ಮೊದಲ ವಾರದ ಕೆಲಸ.

ಇನ್ನು ಆ ‘ವೆಲ್‌ಕಮ್’ ಸಂಜೆ. ಮಾಡಬೇಡಿ ಅನ್ನುತ್ತಿಲ್ಲ, ಆದರೆ ಹೊಸಬರನ್ನು ಒಬ್ಬೊಬ್ಬರನ್ನಾಗಿ ಮುಂದೆ ಕರೆದು ಹಾಡು ಹೇಳಿಸುವುದು, ‘ಯಾವ ಸೀನಿಯರ್ ಚೆಂದ ಇದ್ದಾರೆ ಹೇಳು’ ಎನ್ನುವುದು, ಪ್ರಾರ್ಥನೆ ಮಾಡಿಸುವುದು ನಿಲ್ಲಬೇಕು. ಸಾಮಾನ್ಯವಾಗಿ ಮಾಡದ ಕೆಲಸವನ್ನು ಮಾಡಿಸಿ ನಾಚಿಕೆ, ಮುಜುಗರ ಉಂಟುಮಾಡುವುದು ಆ 2009ರ ನಿಯಮದಂತೆ ರ‍್ಯಾಗಿಂಗೇ. ಮಾಡಿಸಿದವರು ಚರ್ಚಿನವರು ಎಂದು ಅದಕ್ಕೆ ರಿಯಾಯಿತಿ ಇಲ್ಲ. ಸಹಾಯವಾಣಿ 1800-180-5522 ಎನ್ನುವುದನ್ನು ನಾವೇ ಗೋಡೆಗೆ ಅಂಟಿಸಿಟ್ಟರೆ ಎಲ್ಲರೂ ಹದ್ದುಬಸ್ತಿನಲ್ಲಿರುತ್ತಾರೆ. ಹೊತ್ತು ಸಂಜೆ 4ರಿಂದ 5.30. ಹಾಸ್ಟೆಲ್ ಗೇಟಿನ ಹೊತ್ತಿಗೆ ಎಲ್ಲರೂ ಮುಟ್ಟಬೇಕು. ತಿಂಡಿ ಶಾಕಾಹಾರವೇ ಇರಲಿ, ಜತೆಗೆ ಬಂದ ಗೆಳೆಯರೂ ತಿನ್ನಲಿ. 40 ಮಂದಿಗೆ ಎರಡೂವರೆ ಕೆ.ಜಿ. ಗಟ್ಟಿ ಅವಲಕ್ಕಿಯ ಒಗ್ಗರಣೆ, 4 ಲೀಟರ್ ಚಹಾ ಸಾಕು. ಕೇಕಿನ ರೊಕ್ಕ ಉಳಿಸಿ ಅದರಲ್ಲಿ ಊರಿನ ನಕ್ಷೆಯ ಒಂದು ಹಾಳೆ ಮಾಡಿಸಿ: ರಾತ್ರಿ ತೆರೆದಿರುವ ಔಷಧ ಅಂಗಡಿ, ಸರ್ಕಾರಿ ಆಸ್ಪತ್ರೆ, ಕಾಲೇಜಿನ ಯಾವ ಕಿಟಕಿಯಲ್ಲಿ ಯಾವ ಕೆಲಸ, ಹುಡುಗಿಯರ ಶೌಚಾಲಯ ಎಲ್ಲಿ, ಅಂಥವು.

ಓದಿನ ಭಾಗಕ್ಕೆ ಬರೋಣ, ಏಕೆಂದರೆ ಮೆಂಟರ್ ಕೆಲಸದ ಮುಕ್ಕಾಲು ಪಾಲು ಇದೇ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಇಯತ್ತೆ ಮುಗಿಸಿ ಬಂದ ಹುಡುಗ ಎಂಜಿನಿಯರಿಂಗ್ ಕ್ಲಾಸಿನಲ್ಲಿ ಮೊದಲ ಹದಿನೈದು ದಿನ ಬೋರ್ಡಿನ ಮೇಲಿನದನ್ನು ಬರೆದುಕೊಳ್ಳುತ್ತಾನೆ ಅಷ್ಟೆ. ಅರ್ಥವಾಗಲಿಲ್ಲ ಎಂದು ಕೇಳಲು ಇಂಗ್ಲಿಷ್ ಬಾರದು, ಕನ್ನಡದಲ್ಲಿ ಕೇಳಿದರೆ ನಗುತ್ತಾರೆಂಬ ಭಯ. ಆತನಿಗೆ ವಾರಕ್ಕೆ ಎರಡು ಸಂಜೆ, ಒಂದೊಂದು ತಾಸು ಬೇಕು. ಡೆರಿವೇಟಿವ್ ಅನ್ನುವ ಪದದ ಹತ್ತಿರ ಕಣ್ಣುಕತ್ತಲೆ ಬಂದವನಿಗೆ ಸೂತ್ರ ಹೇಳಬೇಡಿ. ಬೈಕಿನ ಮೀಟರ್ ಕೇಳಿ: ‘ಕಿತ್ತೂರಿಂದ ಬೆಳಗಾವಿಗೆ ಎಷ್ಟ್ ಕಿಲೋಮೀಟರ್ ಓಡೈತಿ ಅನ್ನೋದನ್ನ ಮೀಟರಿನ ಅಂಕಿ ಹೇಳ್ತಾವು. ಈಗ, ಈ ಕ್ಷಣಕ್ಕ, ಎಷ್ಟ್ ಜೋರ್ ಹೊಂಟೀವಿ ಅನ್ನೋದನ್ನ ಮುಳ್ಳು ಹೇಳ್ತೈತಿ. ಆ ಮುಳ್ಳ ತೋರ್ಸೋದ ಡೆರಿವೇಟಿವ್ ತಮ್ಮಾ.’ ಆಮೇಲೆ ಅದನ್ನೇ ಎರಡು ಸಾಲು ಇಂಗ್ಲಿಷ್‌ನಲ್ಲಿ ಅವನ ಕೈಯಿಂದಲೇ ಬರೆಸಬೇಕು. ಕನ್ನಡದಲ್ಲಿ ತಿಳಿಸಿ ಅಲ್ಲಿಗೇ ಬಿಟ್ಟರೆ ಪರೀಕ್ಷೆಯಲ್ಲಿ ಬರೆಯಲು ಬರುವುದಿಲ್ಲ. ಬಹಳ ಮೆಂಟರ್‌ಗಳು ಎಡವುವುದು ಇಲ್ಲೇ. ಪ್ರತಿ ವಿಷಯಕ್ಕೆ 40 ಪದಗಳ ಒಂದು ಪಟ್ಟಿ ಇಡಿ, ಅದು ನೂರಾದರೆ ಯಾರೂ ಓದುವುದಿಲ್ಲ.

ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುವಿನ ಅಂಕದ ಲೆಕ್ಕವನ್ನೂ ಮೊದಲ ವಾರದಲ್ಲೇ ಬಿಡಿಸಿ ಹೇಳಬೇಕು. 2022ರ ಸ್ಕೀಮ್‌ನಲ್ಲಿ ಒಳಗಿನ ಅಂಕ 50, ಸೆಮಿಸ್ಟರ್ ಪರೀಕ್ಷೆಗೆ 50. ಒಳಗಿನ 50ರಲ್ಲಿ ಕನಿಷ್ಠ 20 ಬಾರದಿದ್ದರೆ ಪರೀಕ್ಷೆಗೇ ಕೂಡಿಸುವುದಿಲ್ಲ. ಹಾಜರಾತಿ ಶೇ 85. ಪಿಯುನಲ್ಲಿ ಕೊನೆಯ ಎರಡು ತಿಂಗಳು ಓದಿ ಗೆದ್ದವರು ಇಲ್ಲಿಯೂ ಹಾಗೇ ಎಂದುಕೊಂಡು ಮೊದಲ ಇಂಟರ್ನಲ್‌ನಲ್ಲಿ ಬಿದ್ದು, ‘ಎಂ–ಒನ್ (ಮೊದಲ ಸೆಮಿಸ್ಟರ್‌ನ ಗಣಿತ) ಬ್ಯಾಕ್ ಆಕ್ಕೈತಿ’ ಎಂದು ಆಗಲೇ ಕೈಚೆಲ್ಲುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದರಲ್ಲಿ ಎರಡರಲ್ಲಿ ಒಂದು ಪೂರ್ಣ ಪ್ರಶ್ನೆ ಎನ್ನುವುದನ್ನು ಹಳೆಯ ಪತ್ರಿಕೆ ಎದುರಿಗಿಟ್ಟು ತೋರಿಸಿದರೆ ಅರ್ಧ ಭಯ ಇಳಿಯುತ್ತದೆ. ಭಾನುವಾರ ಆರಾಧನೆ, ಬುಧವಾರ ಕೂಟ, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಹಾಡಿನ ಅಭ್ಯಾಸ ಎಂದು ಹೊಸಬನ ವಾರವನ್ನು ತುಂಬಿಸಿ, ಆತ ಫೇಲಾದಾಗ ದೇವರ ಚಿತ್ತ ಎನ್ನುವ ನಾಯಕರ ಬಗ್ಗೆ ನಮಗೆ ಸಿಟ್ಟಿದೆ. ಮೊದಲ ಸೆಮಿಸ್ಟರ್‌ನಲ್ಲಿ ಯಾವ ಹೊಸಬರಿಗೂ ಗುಂಪಿನ ಯಾವ ಜವಾಬ್ದಾರಿಯನ್ನೂ ಕೊಡಕೂಡದು.

ನರ್ಸಿಂಗ್ ವಿದ್ಯಾರ್ಥಿಗಳ ಕಷ್ಟ ತಿರುಗುಮುರುಗು. ಕೇರಳ, ಈಶಾನ್ಯ ರಾಜ್ಯಗಳಿಂದ ಬರುವವರಲ್ಲಿ ಕ್ರೈಸ್ತರು ಅನೇಕರು. ಅವರಿಗೆ ಪಾಠ ಅರ್ಥವಾಗುತ್ತದೆ, ರೋಗಿ ಅರ್ಥವಾಗುವುದಿಲ್ಲ. ‘ಕನ್ನಡ ಕಲಿಯಿರಿ’ ಪುಸ್ತಕದಲ್ಲಿ ‘ನನಗೆ ಎದೆನೋವು ಇದೆ’ ಎಂದಿರುತ್ತದೆ. ವಾರ್ಡಿನಲ್ಲಿ ಅಜ್ಜಿ ಹೇಳುವುದು ‘ಎದ್ಯಾಗ ಚುಚ್ಚತೈತಿ ಯವ್ವಾ’. ‘ಹೊಟ್ಟಿ ಕಡಿತೈತಿ’, ‘ಕಾಲು ಜೋಮು ಹಿಡದಾವು’, ‘ಕಣ್ಣಿಗೆ ಮಬ್ಬ ಬರ್ತೈತಿ’, ‘ವಾಂತಿ ಬಂದಂಗ ಆಕ್ಕೈತಿ’ ಇಂಥ 30 ಮಾತುಗಳನ್ನು ಅವರ ಲಿಪಿಯಲ್ಲಿ ಬರೆಸಿ, ದಿನಕ್ಕೆ ಐದರಂತೆ ಬಾಯಿಂದ ಹೇಳಿಸಬೇಕು. ಮರಾಠಿಯ ಹತ್ತು ಮಾತೂ ಬೇಕು, ಇದು ಬೆಳಗಾವಿ. ಈ ಕೆಲಸಕ್ಕೆ ಊರಿನ ಹುಡುಗಿಯರೇ ಸರಿ, ಅದಕ್ಕೆ ಸೀನಿಯರ್ ಆಗಿರಬೇಕೆಂದೂ ಇಲ್ಲ.

ಚರ್ಚುಗಳ ನಡುವಿನ ಎಳೆದಾಟದ ಬಗ್ಗೆ ಬರೆಯದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಲಂಡನ್ ಮಿಷನ್‌ನವರು 1820ರಲ್ಲಿ ಇಲ್ಲಿಗೆ ಬಂದರು, 1904ರಲ್ಲಿ ಅವರ ಕೆಲಸ ಮೆಥೊಡಿಸ್ಟರ ಕೈಗೆ ಬಂತು. ಕ್ಯಾಥೊಲಿಕ್ ಧರ್ಮಪ್ರಾಂತ 1953ರಿಂದ ಇದೆ. ಈಚೆಗೆ ಹುಟ್ಟಿದ ಸ್ವತಂತ್ರ ಸಭೆಗಳು ಎಷ್ಟೋ. ವಿದ್ಯಾರ್ಥಿ ಚಳವಳಿಗಳೂ ಮೂರು ಬಗೆ: ಎಸ್‌ಸಿಎಂ (ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್) 1912ರದು, ಕ್ಯಾಥೊಲಿಕ್ ವಿದ್ಯಾರ್ಥಿಗಳ ಐಕಫ್ 1924ರದು, ಇವ್ಯಾಂಜೆಲಿಕಲ್ ವಿದ್ಯಾರ್ಥಿಗಳ ಯುಇಎಸ್‌ಐ 1954ರದು. ಮಕ್ಕಳ ಬಾಯಲ್ಲಿನ ಮಾತುಗಳೂ ಬೇರೆ ಬೇರೆ. ಗುಳೇದಗುಡ್ಡದ, ಬೆಟಗೇರಿಯ ಹಳೆ ಬಾಸೆಲ್ ಮಿಷನ್ ಮನೆತನದ ಹುಡುಗನಿಗೆ ಆರಾಧನೆ, ಸತ್ಯವೇದ, ಅಯ್ಯನವರು. ಖಾನಾಪುರ ಕಡೆಯ ಕೊಂಕಣಿ ಹುಡುಗಿಗೆ ಬಲಿಪೂಜೆ, ಪವಿತ್ರ ಬೈಬಲ್, ಫಾದರ್. ಮೊದಲ ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಗೇಟಿಗೆ ಮೂರು ಸಭೆಗಳ ಮೂರು ವ್ಯಾನು ಬಂದು ನಿಂತರೆ ಆ ಮಕ್ಕಳ ಜತೆಗಾರರು ಏನೆಂದುಕೊಳ್ಳಬೇಕು? ಪರಿಹಾರ ಕಷ್ಟದ್ದಲ್ಲ. ಎಲ್ಲ ಸಭೆಗಳ ಹೆಸರು, ಭಾಷೆ, ಹೊತ್ತು, ಬಸ್ ನಿಲ್ದಾಣ ಬರೆದ ಒಂದೇ ಹಾಳೆ ಮಾಡಿ, ಕೇಳಿದವರ ಕೈಗೆ ಕೊಟ್ಟು ಸುಮ್ಮನಿರುವುದು. ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಎಲ್ಲದರಲ್ಲೂ ಇಲ್ಲಿ ಆರಾಧನೆ ಇದೆ. ಹೋಗುವವರು ನಡೆದುಕೊಂಡು ಹೋಗುತ್ತಾರೆ, ಒಂದು ತಿಂಗಳು ಯಾವ ಚರ್ಚಿಗೂ ಹೋಗದೆ ಮಲಗುವವರು ಮಲಗಲಿ. ಕ್ಯಾಥೊಲಿಕ್ ಹುಡುಗಿಯ ಕೊರಳಿನ ಜಪಸರದ ಬಗ್ಗೆ ಟೀಕೆ ಮಾಡಿದ ಮೆಂಟರ್‌ನನ್ನು ಅವತ್ತೇ ಕೆಲಸದಿಂದ ಬಿಡಿಸಬೇಕು.

ಮೂರನೇ ವಾರದ ಸಂಗತಿಗೆ ಮತ್ತೆ ಬರುತ್ತೇವೆ. ಮನೆಯ ನೆನಪು ಎಲ್ಲರಿಗೂ ಬರುತ್ತದೆ, ಬಹುಪಾಲು ಅದಾಗಿ ಅದು ಇಳಿಯುತ್ತದೆ. ಇಳಿಯದವರ ಲಕ್ಷಣ ಬೇರೆ: ಮೆಸ್ಸಿಗೆ ಬರುವುದು ನಿಲ್ಲುತ್ತದೆ, ಸ್ನಾನ ನಿಲ್ಲುತ್ತದೆ, ರಾತ್ರಿ ಎಚ್ಚರ ಹಗಲು ನಿದ್ದೆ, ಫೋನಿಗೆ ಉತ್ತರವಿಲ್ಲ, ತನ್ನ ಸಾಮಾನು ಬೇರೆಯವರಿಗೆ ಕೊಡತೊಡಗುತ್ತಾರೆ. ‘ಹೇಗಿದೀಯಾ’ ಎಂದು ಕೇಳಿದರೆ ‘ಆರಾಮ್ ಇದೀನಣ್ಣಾ’ ಎಂದೇ ಉತ್ತರ. ಅದಕ್ಕೆ ‘ಊಟ ಆತೇನ?’ ಎಂದು ಕೇಳಿ ನಿಲ್ಲಿಸದೆ ‘ಏನ್ ಉಂಡಿ? ಯಾರ ಜೋಡಿ ಉಂಡಿ?’ ಎಂದು ಕೇಳುವುದನ್ನು ನಾವು ಕಲಿಸುತ್ತೇವೆ. ಒಬ್ಬನೇ, ಖೋಲಿಯಲ್ಲಿ, ಬಿಸ್ಕಿಟು ಎಂದು ಮೂರು ದಿನ ಉತ್ತರ ಬಂದರೆ ಎದ್ದು ಹೋಗಿ ನೋಡಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಆ ಹುಡುಗನನ್ನು ಒಬ್ಬನೇ ಬಿಡಬಾರದು. ವಾರ್ಡನ್, ಮನೆಯವರು, ಡಾಕ್ಟರು ಮೂವರಿಗೂ ಅವತ್ತೇ ತಿಳಿಯಬೇಕು. ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ‘ಯಾರಿಗೂ ಹೇಳಲ್ಲ, ಆಣೆ’ ಎಂಬ ಮಾತನ್ನು ಮೆಂಟರ್ ಮೊದಲೇ ಕೊಟ್ಟಿರಕೂಡದು. ಪ್ರಾರ್ಥನೆ ಬೇಡ ಅನ್ನುವವರು ನಾವಲ್ಲ. ಆದರೆ ಖಿನ್ನತೆಗೆ ಉಪವಾಸ ಹಾಕಿಸುವುದು, ಮಾತ್ರೆ ನಿಲ್ಲಿಸಲು ಹೇಳುವುದು, ಅಪನಂಬಿಕೆ ಎಂದು ಗದರಿಸುವುದು ಜೀವಕ್ಕೆ ಅಪಾಯ ತರುವ ಕೆಲಸ.

ಕೆಲವು ಗೆರೆಗಳನ್ನು ಮೊದಲೇ ಎಳೆದು ಬರವಣಿಗೆಯಲ್ಲಿ ಸಹಿ ಹಾಕಿಸಿಕೊಂಡಿರಬೇಕು. ರಾತ್ರಿ 9ರ ಮೇಲೆ ಹುಡುಗ–ಹುಡುಗಿಯರ ನಡುವೆ ಮೆಸೇಜು ಇಲ್ಲ, ತುರ್ತಿದ್ದರೆ ಫೋನು. ಬಾಗಿಲು ಹಾಕಿದ ಖೋಲಿಯಲ್ಲಿ ಇಬ್ಬರೇ ಕೂತು ‘ಕೌನ್ಸೆಲಿಂಗ್’ ಇಲ್ಲ. ಮೆಂಟರ್ ಆಗಿರುವ ವರ್ಷ ತನ್ನ ಆರು ಮಂದಿಯಲ್ಲಿ ಯಾರ ಜತೆಗೂ ಪ್ರೇಮದ ಮಾತಿಲ್ಲ. 200 ರೂಪಾಯಿಗಿಂತ ಹೆಚ್ಚು ಸಾಲ ಕೊಡುವಂತಿಲ್ಲ, ಪಡೆಯುವುದಂತೂ ಇಲ್ಲವೇ ಇಲ್ಲ. ಫೀ ಕಟ್ಟಲಾಗದ ಮನೆ ಇದ್ದರೆ ಸಭೆಯ ಹಿರಿಯರಿಗೆ ತಿಳಿಸುವುದು, ಎರಡು ಸಹಿಯ ಚೆಕ್ಕು ನೇರ ಕಾಲೇಜಿನ ಹೆಸರಿಗೆ. ನಿನ್ನ ವಿಷಯದಲ್ಲಿ ದೇವರು ನನಗೆ ಹೀಗೆ ತಿಳಿಸಿದ್ದಾನೆ ಎಂದು ಬ್ರಾಂಚು ಬದಲಿಸಲು, ಮದುವೆ ಒಪ್ಪಿಕೊಳ್ಳಲು ಹೇಳುವ ಹಿರಿಯಣ್ಣಂದಿರು ಪ್ರತಿ ಕಾಲೇಜಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಅವರನ್ನು ಹೊಸಬರ ಹತ್ತಿರ ಬಿಡುವುದೇ ಬೇಡ.

ಮೆಂಟರ್‌ಗಳನ್ನು ನೋಡಿಕೊಳ್ಳುವವರು ಯಾರು? ನಿಯಮ ಹೇಳುವ ಆ ಮೇಲಿನ ಹಂತ ನಮ್ಮಲ್ಲಿ ಇರುವುದೇ ಇಲ್ಲ. ಇಪ್ಪತ್ತರ ಹುಡುಗಿಗೆ ಆರು ಮಂದಿಯ ಅಳು ಕೇಳಿ ಕೇಳಿ ತನಗೇ ನಿದ್ದೆ ಬರುವುದಿಲ್ಲ. ವಾರಕ್ಕೆ ಅರ್ಧ ತಾಸು, ಒಬ್ಬ ಅಧ್ಯಾಪಕರೋ ಸಭೆಯ ಒಬ್ಬ ಗೃಹಿಣಿಯೋ ಮೆಂಟರ್‌ಗಳನ್ನು ಕೂಡಿಸಿಕೊಂಡು ಚಹಾ ಕೊಟ್ಟು ಕೇಳಬೇಕು. ಅಷ್ಟು ಮಾಡಲು ಒಬ್ಬರೂ ಸಿಗದಿದ್ದರೆ ಆ ವರ್ಷ ಈ ಕೆಲಸ ಶುರು ಮಾಡದಿರುವುದು ಲೇಸು.

ಆರು ವಾರ ಮುಗಿಯುವ ಹೊತ್ತಿಗೆ ಚೌತಿಯೋ ದಸರೆಯೋ ಬರುತ್ತದೆ, ಮಕ್ಕಳು ಮೊದಲ ಸಲ ಊರಿಗೆ ಹೋಗುತ್ತಾರೆ. ಕಾಲೇಜು ಬಿಡುವವರು ಬಿಡುವುದು ಆ ರಜೆಯಲ್ಲೇ. ಅವ್ವನ ಕೈ ಊಟ ಉಂಡ ಮೇಲೆ ವಾಪಸ್ ಬಸ್ ಹತ್ತಲು ಕಾಲೇ ಏಳುವುದಿಲ್ಲ. ಹೊರಡುವ ಮೊದಲೇ ತಿರುಗಿ ಬರುವ ದಿನದ ಟಿಕೆಟ್ ಮಾಡಿಸಿ, ರಜೆ ಮುಗಿಯುವ ಹಿಂದಿನ ಸಂಜೆ ಒಂದು ಫೋನ್ ಮಾಡುವುದು ಮೆಂಟರ್‌ಗೆ ಉಳಿಯುವ ಕೊನೆಯ ಕಡ್ಡಾಯ ಕೆಲಸ. ಅದಾದ ಮೇಲೆ ಆರು ಮಂದಿ ಗೆಳೆಯರಾಗಿ ಉಳಿದರೆ ಉಳಿಯಲಿ.

ಊರೂರಿನ ಸಭಾಪಾಲಕರಿಗೆ, ಫಾದರ್‌ಗಳಿಗೆ ಒಂದು ಕೋರಿಕೆ. ಬೆಳಗಾವಿಗೆ ಓದಲು ಬಂದವರ ಹೆಸರು, ನಂಬರು, ಕಾಲೇಜು, ಹಾಸ್ಟೆಲ್ ಖೋಲಿ ಎಲ್ಲ ಬರೆದ ಪಟ್ಟಿಯನ್ನು ಸೆಪ್ಟೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಹಾಕುತ್ತೀರಿ. ಅಷ್ಟರಲ್ಲಿ ಮೊದಲ ವಾರಗಳು ಮುಗಿದಿರುತ್ತವೆ, ಹುಡುಗಿಯರ ನಂಬರು ಗೊತ್ತಿಲ್ಲದವರ ಫೋನುಗಳನ್ನೂ ಮುಟ್ಟಿರುತ್ತದೆ. ಸೀಟು ಖಾತ್ರಿಯಾದ ದಿನವೇ, ಆ ಹುಡುಗಿಯನ್ನು ಕೇಳಿ, ಇಲ್ಲಿಯ ಒಬ್ಬ ಅಕ್ಕನ ನಂಬರನ್ನು ಆಕೆಯ ಕೈಗೆ ಚೀಟಿಯಲ್ಲಿ ಬರೆದು ಕೊಡಿ. ಬೇಕೆನಿಸಿದಾಗ ಆಕೆಯೇ ಫೋನ್ ಮಾಡುತ್ತಾಳೆ.

ಇತಿ,
ಕಾಲೇಜು ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುವ ಕೆಲವರು,
ಬೆಳಗಾವಿ